ಎಡಕ್ಕೆ ಬಾಗಿದವಳು

ನಮ್ಮ ಚಂದನನಿಗೆ ಬುದ್ಧಿ ಇಲ್ಲ ಎಂದು ನಾನು ಹೇಳುವುದಿಲ್ಲ. ಶುಂಠಿ ರೇಟು ಯಾವಾಗ ಏರುತ್ತದೆ, ಯಾವಾಗ ಬೀಳುತ್ತದೆ ಎಂಬುದನ್ನು ಅವನಪ್ಪ ದೇವೀರಪ್ಪನಿಗಿಂತ ಚೆನ್ನಾಗಿ ಹೇಳುತ್ತಾನೆ. ಆದರೆ ಗಾಡಿ ಎಂದರೆ ಸಾಕು, ತಲೆಯೊಳಗಿನದೆಲ್ಲ ಇಳಿದು ಬಲಗೈ ಮಣಿಕಟ್ಟಿಗೆ ಬಂದು ಕೂರುತ್ತದೆ. ಆಲೂರಿನಲ್ಲಿ ಬೈಕಿನ ಸ್ಪೇರ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ ಇಂಥವರಿಂದಲೇ ಅನ್ನ. ಸಾಲದ್ದಕ್ಕೆ ಇವನು ನನ್ನ ಸೋದರತ್ತೆಯ ಮಗ. ಬೈಯುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಶುಂಠಿಗೆ ಒಳ್ಳೆಯ ಕಾಲ ನಡೆಯುತ್ತಿದ್ದ ವರ್ಷ ಅದು, ಎರಡು ಸಾವಿರದ ನಾಲ್ಕು. ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಚಂದನ್ ಬಂದು ನಿಂತಿದ್ದ.

"ಶ್ರೀನಾಥಣ್ಣ, ಹೊಂಗಡಹಳ್ಳದ ಆಲ್ಬನ್ ಸರ್ ಗಾಡಿ ಕೊಟ್ಬುಡ್ತಾರಂತೆ ಕಣಣ್ಣ. ಆ ಕೆಂಪು ವಿ ಟ್ವಿನ್ನು!"

"ತಗಂಡು ಏನ್ ಮಾಡ್ತೀಯೋ? ಶುಂಠಿ ಮೂಟೆ ಹೇರ್ತೀಯಾ?"

"ಬಾರಣ್ಣ, ಸುಮ್ನೆ ನೋಡ್ಕಂಡು ಬರಾಣ. ನೀನೊಂದು ಸಲ ಸರಿ ಐತೆ ಅಂದ್ಬುಡು, ಅಷ್ಟೇ."

ಆ ಗಾಡಿ ಇಡೀ ಸೀಮೆಗೆ ಗೊತ್ತಿತ್ತು. ಆಲ್ಬನ್ ಮಸ್ಕತ್ತಿನಲ್ಲಿ ಕೆಲಸ ಮಾಡಿ, ಊರಿಗೆ ವಾಪಸಾಗುವಾಗ ಹಡಗಿನಲ್ಲಿ ಮಂಗಳೂರಿಗೆ ತರಿಸಿದ್ದ ಬೈಕು. ಎರಡು ಸಿಲಿಂಡರುಗಳು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕವಲೊಡೆದು ಕೂತಿರುತ್ತವೆ, ಅದಕ್ಕೇ ಆ ಹೆಸರು. ಅದು ವನಗೂರಿನ ಏರಿನಲ್ಲಿ ಬರುತ್ತಿದೆ ಎಂದರೆ ಎಸ್ಟೇಟ್ ಕೂಲಿಗಳ ಲೈನ್ ಮನೆಯ ಹೆಂಗಸರು ಕೂಡ ಹೊರಗೆ ಬಂದು ನಿಲ್ಲುತ್ತಿದ್ದರಂತೆ. ಅದು ತೊಂಬತ್ತೆಂಟರವರೆಗಿನ ಮಾತು. ಆ ವರ್ಷ ಬಿಸಿಲೆ ಘಟ್ಟ ಇಳಿಯುವಾಗ ಬೈಕು ಗುಡ್ಡಕ್ಕೆ ಗುದ್ದಿ ಆಲ್ಬನ್ನರ ಸೊಂಟದ ಕೆಳಗಿನ ಭಾಗ ಸತ್ತುಹೋಯಿತು. ಹಿಂದೆ ಕೂತಿದ್ದ ಹೆಂಡತಿ ಸುಸಾನ್ ತೋಳು ಮುರಿದುಕೊಂಡು ಬದುಕಿದಳು.

ರಸ್ತೆ ಬಲಕ್ಕೆ ತಿರುಗಿತ್ತು, ಹಿಂದೆ ಕೂತವಳು ಎಡಕ್ಕೆ ಬಾಗಿದಳು, ಗಾಡಿ ತಿರುಗಲಿಲ್ಲ. ಇದು ಆಲ್ಬನ್ ಹೇಳಿದ ಕಥೆ. ಆಸ್ಪತ್ರೆಗೆ ನೋಡಲು ಹೋದವರಿಗೆ ಹೇಳಿದರು, ಮನೆಗೆ ಬಂದವರಿಗೆ ಹೇಳಿದರು, ಚರ್ಚಿನ ಮುಂದೆ ಗಾಲಿಕುರ್ಚಿಯಲ್ಲಿ ಕೂತು ಹೇಳಿದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಸಕಲೇಶಪುರದಿಂದ ಆಲೂರಿನವರೆಗೆ ಅದೊಂದು ಮಾತೇ ಆಗಿಹೋಯಿತು. ಆಗುವ ಕೆಲಸವನ್ನು ಯಾರಾದರೂ ಕೆಡಿಸಿದರೆ "ಸುಸಾನ್ ಬಾಗ್ದಂಗೆ ಮಾಡ್ಬುಟ್ಟೆಯಲ್ಲೋ" ಎನ್ನುವುದು. ಸುಸಾನ್ ಯಾರು ಎಂದು ಗೊತ್ತಿಲ್ಲದವರೂ ಅನ್ನುತ್ತಿದ್ದರು. ಆರು ವರ್ಷಗಳಲ್ಲಿ ಒಬ್ಬ ಹೆಂಗಸನ್ನು ಗಾದೆ ಮಾಡಿ ಮುಗಿಸಿದ್ದರು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಆಲ್ಬನ್ ದಂಪತಿ ಮನೆ ಸೇರುವ ಹೊತ್ತಿಗೆ ನಾವು ಚಂದನನ ಪಿಕಪ್ ಗಾಡಿಯಲ್ಲೇ ಹೋದೆವು. ನೋಡಿಕೊಂಡು ಬರೋಣ ಎಂದವನು ಪಿಕಪ್ಪಿನಲ್ಲಿ ಹಗ್ಗವನ್ನೂ ಇಟ್ಟುಕೊಂಡಿದ್ದ. ದಾರಿಯುದ್ದಕ್ಕೂ ನಾನು ಅವನಿಗೆ ಉಪದೇಶ ಮಾಡಿದೆ. ಒಂದು ಸಿಲಿಂಡರಿನ ಗಾಡಿ ಕೆಟ್ಟರೆ ನಮ್ಮೂರಲ್ಲಿ ಕಲ್ಲಿನಿಂದ ಕುಟ್ಟಿಯಾದರೂ ಓಡಿಸುವವರು ಸಿಗುತ್ತಾರೆ. ಇದು ಹಾಗಲ್ಲ. ಹಿಂದಿನ ಸಿಲಿಂಡರು ಮುಂದಿನದರ ಮರೆಯಲ್ಲಿ ಕೂತಿರುವುದರಿಂದ ಅದಕ್ಕೆ ಗಾಳಿ ಸಾಲದು, ಘಟ್ಟ ಹತ್ತುವಾಗ ಕಾದು ಕೆಂಡವಾಗುತ್ತದೆ. ಒಳಗೆ ರಬ್ಬರ್ ಬೆಲ್ಟುಗಳಿವೆ, ಓಡಿಸದೆ ನಿಲ್ಲಿಸಿಟ್ಟರೂ ಅವು ಮುದಿಯಾಗುತ್ತವೆ. ಅದರಲ್ಲಿ ಒಂದು ಹರಿದರೆ ವಾಲ್ವು ಪಿಸ್ಟನ್ನು ಒಂದಕ್ಕೊಂದು ಬಡಿದುಕೊಂಡು ಇಂಜಿನ್ ಅಲ್ಲೇ ಮಣ್ಣು. ಇಷ್ಟೆಲ್ಲ ಹೇಳಿದ ಮೇಲೆ ಚಂದನ್ ಕೇಳಿದ್ದು ಒಂದೇ ಪ್ರಶ್ನೆ.

"ಸೌಂಡ್ ಹೆಂಗಿರ್ತದಣ್ಣ?"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಮನೆಯ ಮುಂದಿನ ಕಣದಲ್ಲಿ ರೋಬಸ್ಟಾ ಕಾಫಿ ಒಣಗಲು ಹರಡಿತ್ತು. ಆಲ್ಬನ್ ಜಗುಲಿಯಲ್ಲೇ ಕೂತಿದ್ದರು. ನಲವತ್ತೈದರ ಆಸುಪಾಸು. ಸೊಂಟದಿಂದ ಮೇಲೆ ಪೈಲ್ವಾನನ ಮೈ, ಕೆಳಗೆ ಮಡಿಸಿಟ್ಟ ಪ್ಯಾಂಟಿನಂಥ ಕಾಲುಗಳು. ಅಳುಮೋರೆಯ ಮನುಷ್ಯ ಎಂದುಕೊಂಡು ಹೋಗಿದ್ದೆ. ಅವರೋ ನಗುತ್ತಲೇ ಕೈ ಕುಲುಕಿದರು, ಮನೆಯಲ್ಲೇ ಮಾಡಿದ ವೈನ್ ಕೊಡಿಸಿದರು, ಇಂಥ ಆತಿಥ್ಯ ನಮ್ಮ ಸ್ವಂತ ನೆಂಟರ ಮನೆಯಲ್ಲೂ ಸಿಗುವುದಿಲ್ಲ. ಕೆಟ್ಟವರು ಕೆಟ್ಟದಾಗಿಯೇ ಮಾತಾಡುವಂತಿದ್ದರೆ ಎಷ್ಟು ಸುಲಭವಾಗುತ್ತಿತ್ತು.

"ಬನ್ನಿ ಮಾರಾಯ್ರೆ, ಒಳಗೆ ಬನ್ನಿ. ಹೆಣ್ಣು ನೋಡುವ ಮೊದಲು ಮನೆ ನೋಡಬೇಕು."

ಬೈಕು ಇದ್ದದ್ದು ಮನೆಯೊಳಗಿನ ಹಾಲಿನಲ್ಲಿ. ಸೋಫಾ ಗೋಡೆಗೆ ಒತ್ತರಿಸಿ, ಯೇಸುವಿನ ಪಟದ ಕೆಳಗೆ, ಕಸೂತಿ ಹಾಕಿದ ಬೆಡ್‌ಶೀಟ್ ಹೊದಿಸಿ ನಿಲ್ಲಿಸಿದ್ದರು. ಸುಸಾನ್ ಬಂದು ಬೆಡ್‌ಶೀಟ್ ತೆಗೆದಳು. ಸಣ್ಣ ಆಳ್ತನದ ಹೆಂಗಸು. ಎಡಗೈ ಮೊಣಕೈಯ ಹತ್ತಿರ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತು. ನಮಗೆ ನಮಸ್ಕಾರ ಮಾಡಿ ಗೋಡೆಯ ಪಕ್ಕ ನಿಂತಳು.

"ಇವಳೇ ನನ್ನ ಮೆಕ್ಯಾನಿಕ್," ಎಂದರು ಆಲ್ಬನ್. "ಕೈ ಇವಳದ್ದು, ತಲೆ ನನ್ನದು. ಆಯಿಲ್ ಚೇಂಜ್, ಚೈನು, ವಾಲ್ವ್ ಗ್ಯಾಪು ಎಲ್ಲ ಬರುತ್ತದೆ. ಬಾಗುವುದೊಂದು ಬಿಟ್ಟು ಬಾಕಿ ಎಲ್ಲ ಕಲಿಸಿದ್ದೇನೆ."

ಚಂದನ್ ಗೊಳ್ಳೆಂದು ನಕ್ಕ. ಸುಸಾನ್ ನಗಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಸ್ವಿಚ್ ಹಾಕು ಎಂದರು, ಹಾಕಿದಳು. ಚೋಕ್ ಎಳೆದು ಬಟನ್ ಒತ್ತಿದಾಗ ಆ ಇಂಜಿನ್ ಎದ್ದ ಪರಿಯನ್ನು ನಾನು ಸುಳ್ಳು ಹೇಳದೆ ಒಪ್ಪಿಕೊಳ್ಳಬೇಕು. ಕಿಟಕಿಯ ಗಾಜು ಅದುರಿತು, ನನ್ನ ಹೊಟ್ಟೆಯೊಳಗಿನ ವೈನ್ ಅದುರಿತು. ಚಂದನನ ಕಣ್ಣಲ್ಲಿ ನೀರೇ ಬಂದಿತ್ತು. ಆಲ್ಬನ್ ಮಾತ್ರ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ನಿಲ್ಲಿಸು," ಎಂದರು. ನಿಂತಿತು. "ಹಿಂದಿನ ಸಿಲಿಂಡರ್ ಲೇಟಾಗಿ ಹಿಡಿಯಿತು. ಚೋಕ್ ಬೇಗ ಬಿಟ್ಟೆ ನೀನು. ಎಷ್ಟು ಸಲ ಹೇಳಬೇಕು?" ಆಮೇಲೆ ನಮ್ಮ ಕಡೆ ತಿರುಗಿ, "ನೋಡಿದಿರಾ? ಟೈಮಿಂಗೇ ಇಲ್ಲ. ಅವತ್ತೂ ಇರಲಿಲ್ಲ."

ನನಗೆ ಆ ಕ್ಷಣ ವೈನ್ ಗ್ಲಾಸನ್ನು ಅಲ್ಲೇ ಇಟ್ಟು ಹೊರಡಬೇಕು ಅನ್ನಿಸಿತು. ಆದರೆ ಬಂದ ಕೆಲಸ ಬೇರೆ ಇತ್ತು. ಒಂದೊಂದಾಗಿ ಕೇಳುತ್ತ ಹೋದೆ. ಬೆಲ್ಟ್ ಹೊಸದು. ಮಸ್ಕತ್ತಿನಲ್ಲಿದ್ದ ಇವರ ಭಾವ ಕಳಿಸುತ್ತಿದ್ದರಂತೆ. ಈಗ ಅವರೂ ಊರಿಗೆ ಬಂದುಬಿಟ್ಟಿದ್ದಾರೆ, ಇನ್ನು ಸ್ಪೇರ್ ಸಿಗುವುದಿಲ್ಲ, ಅದಕ್ಕೇ ಮಾರುವುದು. ಇಂಜಿನ್ ಆಯಿಲ್ ತಪ್ಪದೆ ಬದಲಾಗಿದೆ. ಬಿದ್ದಾಗ ಬಾಗಿದ್ದ, ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಮಂಗಳೂರಿನಲ್ಲಿ ಸರಿ ಮಾಡಿಸಿದ್ದಾರೆ. ಇಷ್ಟು ಚೆನ್ನಾಗಿ ಸಾಕಿದ ಗಾಡಿಯನ್ನು ನಾನು ನನ್ನ ಕಸುಬಿನಲ್ಲೇ ನೋಡಿರಲಿಲ್ಲ.

"ಬ್ರೇಕು?" ಎಂದೆ.

"ಮುಟ್ಟಿಲ್ಲ," ಎಂದರು ಆಲ್ಬನ್, ಎದೆ ಉಬ್ಬಿಸಿ. "ಮಸ್ಕತ್ತಿನಿಂದ ಹೇಗೆ ಬಂತೋ ಹಾಗೇ. ಎಂಟು ವರ್ಷ ಆಯಿತು, ಒಂದು ತೊಟ್ಟು ಸೋರಿಲ್ಲ. ಮಂಗಳೂರಿನವನಿಗೂ ಬ್ರೇಕಿಗೆ ಕೈ ಹಾಕಲು ಬಿಡಲಿಲ್ಲ ನಾನು."

ಹ್ಯಾಂಡಲಿನ ಬಲಗಡೆ ಬ್ರೇಕ್ ಆಯಿಲ್ ಡಬ್ಬಿ ಇರುತ್ತದೆ. ಅದಕ್ಕೊಂದು ಗಾಜಿನ ಕಣ್ಣು. ಹೊಸ ಬ್ರೇಕ್ ಆಯಿಲ್ ಜೇನುತುಪ್ಪದ ಬಣ್ಣಕ್ಕಿರುತ್ತದೆ. ಬಗ್ಗಿ ನೋಡಿದೆ, ಕಾಫಿ ಡಿಕಾಕ್ಷನ್ ಹಾಗೆ ಕಪ್ಪಗಿತ್ತು. ಹಿಂದಿನ ಬ್ರೇಕಿನದ್ದೂ ಹಾಗೇ. ಬ್ರೇಕ್ ಆಯಿಲ್ ಸೋರದಿದ್ದರೂ ಗಾಳಿಯ ತೇವ ಕುಡಿಯುತ್ತದೆ, ನಮ್ಮ ಈ ಮಳೆಸೀಮೆಯಲ್ಲಿ ಇನ್ನೂ ಬೇಗ ಕುಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಚೆಲ್ಲಲೇಬೇಕು. ಬ್ರೇಕ್ ಕಾದಾಗ ಒಳಗಿನ ನೀರು ಕುದಿದು ಆವಿಯಾದರೆ, ಲಿವರ್ ಒತ್ತಿದ್ದೆಲ್ಲ ಗಾಳಿಗೆ ಗುದ್ದಿದ ಹಾಗೆ. ಇದನ್ನು ಹೇಳೋಣ ಎಂದು ನಾನು ತಲೆ ಎತ್ತುವಷ್ಟರಲ್ಲಿ ಆಲ್ಬನ್ ಚಂದನನಿಗೆ ತಮ್ಮ ಕಥೆ ಶುರು ಮಾಡಿಬಿಟ್ಟಿದ್ದರು.

"ಬಿಸಿಲೆಯಿಂದ ಇಳಿಯಲು ಶುರು ಮಾಡಿದೆವು. ಸುಬ್ರಹ್ಮಣ್ಯದ ಕಡೆಗೆ. ನಾನು ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ ಬಿಟ್ಟೆ. ನಮ್ಮ ಡ್ಯಾಡಿ ಜೀಪನ್ನೂ ಹಾಗೇ ಬಿಡುತ್ತಿದ್ದರು, ಒಂದು ಹನಿ ಪೆಟ್ರೋಲ್ ಖರ್ಚಾಗದೆ ಘಟ್ಟ ಇಳಿದುಬಿಡುತ್ತಿತ್ತು. ಎಸ್ಟೇಟಿನಲ್ಲಿ ಬೆಳೆದವನು ಇಳಿಜಾರಿನಲ್ಲಿ ಇಂಜಿನ್ ಓಡಿಸುವುದುಂಟಾ?"

"ನಾವೂ ಅಂಗೇ ಬುಡಾದು ಸಾ," ಎಂದ ಚಂದನ್.

ಹೌದು, ಬಿಡುತ್ತೇವೆ. ಜೀಪು, ಲಾರಿ, ಮೊಪೆಡ್ಡು, ಇಳಿಜಾರು ಕಂಡರೆ ಸಾಕು ಕೀಲಿ ತಿರುಗಿಸುವ ಜನ ನಾವು. ಅಪ್ಪ ಮಾಡಿದ, ಅಜ್ಜ ಮಾಡಿದ, ಅದೊಂದು ಜಾಣತನವೆಂದೇ ನಂಬಿದ್ದೇವೆ. ವಿ ಟ್ವಿನ್ನಿನ ದೊಡ್ಡ ಗುಣವೇ ಗೇರಿನಲ್ಲಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುವುದು. ಆ ಗುಣವನ್ನು ಕೀಲಿ ತಿರುಗಿಸಿ ಆರಿಸಿ, ಅಷ್ಟು ಭಾರವನ್ನೆಲ್ಲ ಈ ಕಪ್ಪು ನೀರಿನ ಮೇಲೆ ಹೊರಿಸಿದ್ದರು ಈ ಪುಣ್ಯಾತ್ಮರು.

"ಎಷ್ಟು ನಿಶ್ಶಬ್ದ ಅಂದರೆ ಹಕ್ಕಿ ಕೂಗುವುದು ಕೇಳುತ್ತಿತ್ತು," ಆಲ್ಬನ್ ಮುಂದುವರಿಸಿದರು. "ರಸ್ತೆ ಬಲಕ್ಕೆ ತಿರುಗಿತು. ನಾನು ಬಲಕ್ಕೆ ಬಾಗಿದೆ. ಈ ಮಹಾತಾಯಿ ಎಡಕ್ಕೆ ಬಾಗಿದಳು. ಅಷ್ಟೇ, ಮುಗಿಯಿತು ನನ್ನ ಕಥೆ." ಸುಸಾನ್ ಕಾಫಿ ಟ್ರೇ ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದಳು. ಅವರು ಟ್ರೇಯಿಂದ ಲೋಟ ತೆಗೆದುಕೊಂಡರು. ಸಕ್ಕರೆ ಸರಿಯಾಗಿದೆ ಎಂದೂ ಹೇಳಿದರು.

ಕುಣಿಯಲಾರದವಳು ನೆಲ ಡೊಂಕು ಎಂದಳು ಎನ್ನುತ್ತಾರೆ. ಇಲ್ಲಿ ನೆಲ ಟ್ರೇ ಹಿಡಿದು ನಿಂತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಸರ್, ಬ್ರೇಕ್ ಹಿಡಿದಾಗ ಲಿವರ್ ಗಟ್ಟಿಯಾಗಿತ್ತೋ, ಮೆತ್ತಗಿತ್ತೋ?" ಎಂದು ಕೇಳಿದೆ.

ಆಲ್ಬನ್ ಲೋಟವನ್ನು ತುಟಿಯ ಹತ್ತಿರ ಹಿಡಿದುಕೊಂಡೇ ಇದ್ದರು. ಉತ್ತರ ಬಂದದ್ದು ಅವರ ಪಕ್ಕದಿಂದ.

"ಹ್ಯಾಂಡಲಿಗೆ ತಾಗಿತ್ತು," ಎಂದಳು ಸುಸಾನ್.

ನಾವು ಬಂದಾಗಿನಿಂದ ಅವಳು ಆಡಿದ ಮೊದಲ ಮಾತು ಅದು. ಟ್ರೇಯನ್ನು ಬೈಕಿನ ಸೀಟಿನ ಮೇಲೆ ಇಟ್ಟಳು. ಆಮೇಲೆ ನನ್ನನ್ನೇ ನೋಡಿ ಹೇಳಿದಳು, ಗಂಡನ ಕಡೆ ನೋಡಲಿಲ್ಲ.

"ಎರಡು ತಿರುವಿನ ಹಿಂದೆಯೇ ಸುಟ್ಟ ವಾಸನೆ ಬರುತ್ತಿತ್ತು. ಆಮೇಲೆ ಬ್ರೇಕ್ ಇಲ್ಲ, ಬ್ರೇಕ್ ಇಲ್ಲ ಅಂತ ಇವರು ಕೂಗಿದರು. ಎಡಗಡೆ ಗುಡ್ಡ ಇತ್ತು. ಅದರ ಮುಂದಿನ ತಿರುವಿನಲ್ಲಿ ಗುಡ್ಡ ಇಲ್ಲ, ಎದುರಿಗೇ ಕಣಿವೆ. ಇವರೇ ಕೊಂಕಣಿಯಲ್ಲಿ ಕಿರುಚಿದ್ದು, ಗುಡ್ಡದ ಕಡೆ ಬೀಳು, ಗುಡ್ಡದ ಕಡೆ ಬೀಳು ಅಂತ. ನಾನು ಬಿದ್ದೆ."

ನಾನು ಆಲ್ಬನ್ನರ ಮುಖವನ್ನೇ ನೋಡುತ್ತಿದ್ದೆ. ಮರೆತವನಿಗೆ ನೆನಪಾದರೆ ಮುಖ ಒಂದು ಥರ ಆಗುತ್ತದೆ. ಸಿಕ್ಕಿಬಿದ್ದವನ ಮುಖ ಇನ್ನೊಂದು ಥರ. ಇವರು ಏನನ್ನೂ ಮರೆತಿರಲಿಲ್ಲ. ಆರು ವರ್ಷ ಪ್ರತಿಯೊಬ್ಬ ಅತಿಥಿಗೂ ತಿಳಿದೂ ತಿಳಿದೂ ಆ ಸುಳ್ಳು ಹೇಳಿದ್ದರು, ತಮ್ಮ ಜೀವ ಉಳಿಸಿದವಳ ಕೈಯಿಂದಲೇ ಕಾಫಿ ಕುಡಿಯುತ್ತ.

ನಾನು ಬ್ರೇಕ್ ಆಯಿಲಿನ ವಿಷಯ ಬಿಡಿಸಿ ಹೇಳಿದೆ. ಇದೇ ಕಪ್ಪು ನೀರು, ಇದೇ ಕುದಿದದ್ದು, ಇಂಜಿನ್ ಆರಿಸದೆ ಗೇರಿನಲ್ಲಿ ಇಳಿದಿದ್ದರೆ ನೀವು ಇವತ್ತು ನಡೆದಾಡಿಕೊಂಡಿರುತ್ತಿದ್ದಿರಿ ಎಂದು ಒಂದಿಷ್ಟೂ ಮುಲಾಜಿಲ್ಲದೆ ಹೇಳಿದೆ. ಇನ್ನಾದರೂ ಯಾರಾದರೂ ಆ ಹೆಂಗಸಿನ ಕಡೆ ತಿರುಗಿ ಒಂದು ಮಾತು ಆಡುತ್ತಾರೆ ಎಂಬ ಆಸೆ ನನಗಿತ್ತು. ಚಂದನ್ ತಿರುಗಿದ. ಆದರೆ ನನ್ನ ಕಡೆಗೆ.

"ಅಂದ್ರೆ ಇಂಜಿನ್ನಲ್ಲಿ ಏನೂ ತೊಂದ್ರೆ ಇಲ್ಲ ಅಂತಾಯ್ತಲ್ಲಣ್ಣ!" ಅವನ ಮುಖ ಅರಳಿತ್ತು. "ಬ್ರೇಕಾಯಿಲ್ ಹಾಕಿ, ಪೈಪ್ ಚೇಂಜ್ ಮಾಡ್ಬುಟ್ರೆ ಆಗೋಯ್ತು. ನಾನು ಗಾಡೀಲೇ ಏನೋ ದೋಸ ಐತೆ ಅಂತ ಎದ್ರಿದ್ದೆ ಕಣಣ್ಣ!"

ಆ ಹುಡುಗನಿಗೆ ಕಪಾಳಕ್ಕೆ ಬಾರಿಸಬೇಕಿತ್ತು. ಆರು ವರ್ಷದ ಒಂದು ಅನ್ಯಾಯ ಅವನ ಕಿವಿಗೆ ರಿಪೇರಿಯ ಲೆಕ್ಕವಾಗಿ ಮಾತ್ರ ಕೇಳಿಸಿತ್ತು. ಆದರೆ ಅವನದ್ದು ದಡ್ಡತನ. ಅದಕ್ಕಿಂತ ಕೆಟ್ಟದ್ದು ಗಾಲಿಕುರ್ಚಿಯಲ್ಲಿ ಸಿದ್ಧವಾಗುತ್ತಿತ್ತು. ಆಲ್ಬನ್ ಲೋಟ ಕೆಳಗಿಟ್ಟು, ಕರವಸ್ತ್ರದಿಂದ ಮೀಸೆ ಒರೆಸಿಕೊಂಡು, ಹೆಂಡತಿಯನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು.

"ಇಷ್ಟು ದಿನ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ಆಸ್ಪತ್ರೆಯಲ್ಲಿ ನಿಮ್ಮ ಅಮ್ಮನಿಗೆ ಹೇಳಿದೆ. ಮಗನ ಸೊಂಟ ಹೋಗಿದೆ, ಇನ್ನು ಮಾನವನ್ನೂ ತೆಗೀಬೇಡ ಅಂದರು. ಸಾಯುವಾಗ ಆಣೆ ಹಾಕಿಸಿಕೊಂಡರು."

"ಸತ್ತವರ ಮೇಲೆ ಹಾಕಬೇಡ." ಆಲ್ಬನ್ನರ ದನಿ ಏರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. "ಆರು ವರ್ಷ ನಾನು ಊರೆಲ್ಲ ಹೇಳಿಕೊಂಡು ಬಂದೆ. ನೀನು ಪಕ್ಕದಲ್ಲಿ ನಿಂತು ಕೇಳಿದೆ. ಒಂದು ಸಲ ಬಾಯಿ ಬಿಟ್ಟಿದ್ದರೆ ನಾನು ನಿಲ್ಲಿಸುತ್ತಿದ್ದೆ. ಬೇಕೆಂದೇ ನನ್ನನ್ನು ಸುಳ್ಳುಗಾರ ಮಾಡಿ ಕೂರಿಸಿದೆಯಲ್ಲ, ಇವತ್ತು ಹೊರಗಿನವರ ಮುಂದೆ ಮರ್ಯಾದೆ ತೆಗೆಯಲಿಕ್ಕೆ. ಎಂಥ ಹೆಂಗಸು ಮಾರಾಯ್ರೆ ಇವಳು? ನೀವೇ ಹೇಳಿ."

ನನ್ನನ್ನೇ ಕೇಳಿದ್ದು. ನಿಜಕ್ಕೂ ಉತ್ತರ ಕಾಯುತ್ತಿದ್ದರು. ಚಂದನ್ ಪಕ್ಕದಿಂದ, "ಅದೂ ಸರೀನೇ ಅಲ್ವಣ್ಣ, ಮೇಡಮ್ಮು ಅವಾಗ್ಲೇ ಹೇಳ್ಬೋದಿತ್ತು," ಎಂದ. ನಾಳೆ ಆಲೂರಿನ ಹೋಟೆಲಿನಲ್ಲಿ ಯಾವ ಕಥೆ ಓಡಾಡುತ್ತದೆ ಎಂಬುದು ಅಷ್ಟರಲ್ಲೇ ನನಗೆ ಗೊತ್ತಾಗಿಹೋಯಿತು. ಬಾಗಿದವಳು ಹೋಗಿ ಬಚ್ಚಿಟ್ಟವಳು ಬರುತ್ತಾಳೆ, ಅಷ್ಟೇ ವ್ಯತ್ಯಾಸ.

ಮಾತು ಸಾಕು, ಗಾಡಿ ಹೊರಗೆ ತೆಗೆಯೋಣ ಎಂದೆ. ಚಂದನ್ ಮೊದಲೇ ಮಾತಾಗಿದ್ದ ದುಡ್ಡನ್ನು ಆಲ್ಬನ್ನರ ಕೈಗಿಟ್ಟು ಹ್ಯಾಂಡಲ್ ಹಿಡಿದ, ನಾನು ಸೀಟಿನ ಮೇಲಿನ ಟ್ರೇ ಕೆಳಗಿಟ್ಟು ಹಿಂದಿನಿಂದ ತಳ್ಳಿದೆ. ಗಾಲಿಕುರ್ಚಿಗೆಂದು ಜಗುಲಿಯಿಂದ ಕಣಕ್ಕೆ ಒಂದು ಅಗಲ ಹಲಗೆಯನ್ನು ಇಳಿಜಾರಾಗಿ ಹಾಕಿದ್ದರು, ಅದರ ಮೇಲೆಯೇ ಬೈಕು ಇಳಿಸಿದೆವು. ಆಲ್ಬನ್ ಕೂಡ ಚಕ್ರ ತಡೆಹಿಡಿಯುತ್ತ ನಮ್ಮ ಹಿಂದೆಯೇ ಇಳಿದು, ಬಿಸಿಲಿನಲ್ಲಿ ಕಾಫಿಯ ನಡುವೆ ಕುರ್ಚಿ ನಿಲ್ಲಿಸಿಕೊಂಡರು. ಗಾಡಿ ಹೋಗುವುದಕ್ಕೆ ಅವರಿಗೆ ದುಃಖವಿದ್ದಂತೆ ಕಾಣಲಿಲ್ಲ. ಅದು ಅವರ ಪರವಾಗಿ ಸಾಕ್ಷಿ ಹೇಳುತ್ತಿದ್ದಷ್ಟು ದಿನ ಹಾಲಿನಲ್ಲಿ ಜಾಗ ಕೊಟ್ಟಿದ್ದರು. ಇನ್ನು ಅದು ಯಾತಕ್ಕೂ ಬೇಡ.

ಪಿಕಪ್ಪಿಗೆ ಏರಿಸುವಾಗ ಆಲ್ಬನ್ ಮತ್ತೆ ಶುರು ಮಾಡಿದರು. ನಗು ವಾಪಸು ಬಂದಿತ್ತು.

"ಆದರೂ ಒಂದು ಮಾತು ಹೇಳುತ್ತೇನೆ, ಚಂದನ್. ಬ್ರೇಕ್ ಇಲ್ಲದಿದ್ದರೂ ನಾನು ತಿರುಗಿಸುತ್ತಿದ್ದೆ. ಮಸ್ಕತ್ತಿನಲ್ಲಿ ಎಂತೆಂಥ ತಿರುವು ತಿರುಗಿಸಿದವನು ನಾನು. ಗುಡ್ಡಕ್ಕೆ ಬೀಳು ಅಂದಿರಬಹುದು, ಹೆದರಿಕೆಯಲ್ಲಿ ಮನುಷ್ಯ ಏನಾದರೂ ಅನ್ನುತ್ತಾನೆ. ಅಂದ ಮಾತ್ರಕ್ಕೆ ಬಿದ್ದುಬಿಡುವುದಾ? ಸ್ವಂತ ಬುದ್ಧಿ ಬೇಡವಾ? ನನ್ನ ಜೊತೆ ಬಲಕ್ಕೆ ಬಾಗಿದ್ದರೆ ಇವತ್ತು ನಾನೇ ಈ ಗಾಡಿ ಓಡಿಸಿಕೊಂಡು ನಿಮ್ಮ ಆಲೂರಿಗೆ ಬರುತ್ತಿದ್ದೆ."

ಸುಸಾನ್ ಜಗುಲಿಯ ಮೇಲೆ ನಿಂತಿದ್ದಳು, ಕೈಯಲ್ಲಿ ಆ ಕಸೂತಿಯ ಬೆಡ್‌ಶೀಟ್. ಅದನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿದಳು. ಆಮೇಲೆ ಗಂಡನಿಗೆ ಕೇಳುವ ಹಾಗೆ, ನಮಗೂ ಕೇಳುವ ಹಾಗೆ, ನಿಧಾನವಾಗಿ ಹೇಳಿದಳು.

"ನಿಜ. ನೀವು ಹೇಳಿದ್ದು ಇವತ್ತು ಒಪ್ಪುತ್ತೇನೆ. ತಪ್ಪು ನನ್ನದೇ. ಅವತ್ತು ನಿಮ್ಮ ಜೊತೆ ಬಲಕ್ಕೇ ಬಾಗಬೇಕಿತ್ತು. ಮುಂದಿನ ತಿರುವಿಗೆ ಇಬ್ಬರದ್ದೂ ಮುಗಿದುಹೋಗುತ್ತಿತ್ತು."

ಚಂದನನಿಗೆ ಅದು ಅರ್ಥವಾಗಲಿಲ್ಲ, ಹಗ್ಗ ಎಳೆಯುತ್ತಿದ್ದ. ಆಲ್ಬನ್ನರಿಗೆ ಅರ್ಥವಾಯಿತು. ಅವರ ಮುಖದ ಮೇಲಿನ ನಗು ಹಾಗೇ ಇತ್ತು, ತೆಗೆಯುವುದು ಹೇಗೆಂದು ಅವರಿಗೇ ತಿಳಿಯದವರ ಹಾಗೆ. ಸುಸಾನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದು ಕಣದವರೆಗೂ ಕೇಳಿಸಿತು.

"ಸುಸಾನ್," ಎಂದು ಕರೆದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದರು. ಹಲಗೆಯ ಬುಡಕ್ಕೆ ಬಂದು, ಆ ಪೈಲ್ವಾನನ ತೋಳುಗಳಿಂದ ಚಕ್ರ ನೂಕಿದರು. ಅರ್ಧದವರೆಗೆ ಹತ್ತಿ ಕುರ್ಚಿ ಜಾರಿ ಕೆಳಗೆ ಬಂತು. ಇನ್ನೊಮ್ಮೆ ನೂಕಿದರು, ಇನ್ನೊಮ್ಮೆ ಜಾರಿತು. ಭಾನುವಾರ, ಲೈನಿನ ಆಳುಗಳೆಲ್ಲ ಸಂತೆಗೆ ಹೋಗಿದ್ದರು. ಬಿಸಿಲು ಏರುತ್ತಿತ್ತು.

"ಸ್ವಲ್ಪ ಮೇಲೆ ತಳ್ಳುತ್ತೀರಾ ಮಾರಾಯ್ರೆ," ಎಂದರು ನನಗೆ.

ನಾನು ಅವರನ್ನು ನೋಡಿದೆ. ಎರಡು ನಿಮಿಷದ ಕೆಲಸವೂ ಅಲ್ಲ ಅದು.

"ಗಾಡಿ ಕಟ್ಟಾಯ್ತು ಸರ್, ನಾವು ಹೊರಡ್ತೀವಿ," ಎಂದು ಹೇಳಿ ಪಿಕಪ್ ಹತ್ತಿ ಕೂತೆ. ಗೇಟು ದಾಟುವಾಗ ಚಂದನ್ ಹಿಂದೆ ತಿರುಗಿ ನೋಡಿದ. ಬೈಕು ಅಲುಗಾಡುತ್ತಿಲ್ಲ ತಾನೇ ಎಂದು.